ನೇರಳೆ ಬೀಜದ ಪುಡಿ: ಒಣಗಿಸುವುದರಲ್ಲಿದೆ ಕಸರತ್ತು

ಜೂನ್ ಬಂತೆಂದರೆ ತಳ್ಳುಗಾಡಿಗಳ ಮೇಲೆ ನೇರಳೆ ಹಣ್ಣಿನ ರಾಶಿ. ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ಬೀಜ ಕೂಡಿಡುವ ಸಂಭ್ರಮವೂ ಆಗಲೇ ಶುರು. ಆಗಸ್ಟ್ ಹೊತ್ತಿಗೆ ಅರ್ಧಕ್ಕರ್ಧ ಬೀಜ ಬೂಷ್ಟು ಹಿಡಿದಿರುತ್ತದೆ. ಕಸಕ್ಕೆ ಹೋದರೆ ಪುಣ್ಯ, ಎಷ್ಟೋ ಮನೆಗಳಲ್ಲಿ ಅದೇ ಪುಡಿಯಾಗಿ ಹೊಟ್ಟೆ ಸೇರುತ್ತದೆ. ಬಂಧುವೊಬ್ಬರು ಹೆಮ್ಮೆಯಿಂದ ಕೊಟ್ಟ ಡಬ್ಬಿಯ ಮುಚ್ಚಳ ತೆಗೆದಾಗ ನೆನೆದ ಗೋಣಿಚೀಲದ ವಾಸನೆ ಮೂಗಿಗೆ ಹೊಡೆದಿತ್ತು. ಈ ಲೇಖನ ಅಲ್ಲಿ ಹುಟ್ಟಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದು ಮಾತ್ರೆಗಾಗಲಿ ಇನ್ಸುಲಿನ್‌ಗಾಗಲಿ ಬದಲಿಯಲ್ಲ. ಆಯುರ್ವೇದ ಜಂಬೂ ಬೀಜವನ್ನು ಮಧುಮೇಹಕ್ಕೆ ಬಹುಕಾಲದಿಂದ ಬಳಸುತ್ತ ಬಂದಿದೆ. 1921ರಲ್ಲಿ ಇನ್ಸುಲಿನ್ ಪತ್ತೆಯಾಗುವ ಮೊದಲು ಯುರೋಪಿನ ವೈದ್ಯರೂ ಇದನ್ನು ಕೊಟ್ಟು ನೋಡಿದ್ದರು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಸಕ್ಕರೆ ಇಳಿದದ್ದುಂಟು. ಆದರೆ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಕಡಿಮೆ, ಇರುವವೂ ಚಿಕ್ಕವು. ಆದ್ದರಿಂದ ವೈದ್ಯರಿಗೆ ತಿಳಿಸಿ, ಊಟದ ಪಥ್ಯದ ಜೊತೆಗೆ ಇದೂ ಒಂದಿರಲಿ ಎಂದುಕೊಳ್ಳುವವರಿಗೆ ಮಾತ್ರ ಮುಂದಿನ ಮಾತು.

ಹಣ್ಣು ನಾಟಿಯದಾಗಿರಲಿ. ಮಾಗಿದ್ದರೆ ಸಾಕು, ಗಾತ್ರ ಮುಖ್ಯವಲ್ಲ. ಒಂದು ಕಿಲೋ ಹಣ್ಣಿನಿಂದ ಕೊನೆಗೆ ನೂರು ಗ್ರಾಂ ಪುಡಿ ಸಿಕ್ಕರೆ ಹೆಚ್ಚು. ಹಣ್ಣು ತಿಂದು ಬೀಜವನ್ನು ನೀರಿಗೆ ಹಾಕಿ, ಒರಟು ಬಟ್ಟೆಯಲ್ಲಿ ಕಟ್ಟಿ ಚೆನ್ನಾಗಿ ಉಜ್ಜಿ. ಒಂದೆಳೆ ತಿರುಳು ಉಳಿದರೂ ಇರುವೆ ಬರುತ್ತದೆ, ಇರುವೆಯ ಹಿಂದೆಯೇ ಬೂಷ್ಟು.

ಎಲ್ಲರೂ ಎಡವುವುದು ಒಣಗಿಸುವಾಗ. ಬೀಜವನ್ನು ಇಡಿಯಾಗಿ ಒಂದು ವಾರ ಬಿಸಿಲಿಗಿಟ್ಟು, ಮೇಲೆ ಗಟ್ಟಿಯಾಯಿತೆಂದು ಮಿಕ್ಸಿಗೆ ಹಾಕುತ್ತಾರೆ. ನೇರಳೆ ಬೀಜಕ್ಕೆ ಹೊರಗೊಂದು ಸಿಪ್ಪೆ ಇದೆ. ಸಿಪ್ಪೆ ಗರಿಗರಿಯಾದರೂ ಒಳಗಿನ ತಿರುಳು ಹಸಿಯಾಗಿಯೇ ಇರುತ್ತದೆ. ಹಾಗಾಗಿ ಎರಡು ಸಲ ಒಣಗಿಸಬೇಕು. ಮೊದಲು ಮೂರು ನಾಲ್ಕು ದಿನ ಇಡಿಯಾಗಿ. ಆಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಬಿರಿದು ಬಿಡಿಸಿಕೊಳ್ಳುತ್ತದೆ, ಒಳಗೆ ತಿಳಿಹಸಿರು ತಿರುಳು ಕಾಣುತ್ತದೆ. ಅದನ್ನು ಎರಡು ಹೋಳು ಮಾಡಿ, ಒಂದರ ಮೇಲೊಂದು ಬೀಳದಂತೆ ಮೊರದಲ್ಲಿ ಹರಡಿ ಮತ್ತೆ ಒಣಗಿಸಿ. ಈ ಸಲ ದಿನ ಎಣಿಸಬೇಡಿ, ಹೋಳನ್ನು ಮುರಿದು ನೋಡಿ. ಬಾಗಿದರೆ ಇನ್ನೂ ಹಸಿ. ಟಕ್ಕೆಂದು ಮುರಿದು, ಮುರಿದ ಕಡೆ ಬೆರಳಿಗೆ ತೇವ ತಾಗದಿದ್ದರೆ ಆಯಿತು. ಸಂಜೆ ಮೊರವನ್ನು ತಪ್ಪದೆ ಒಳಗೆ ತನ್ನಿ, ರಾತ್ರಿಯ ಒಂದು ಜಿಟಿಜಿಟಿ ಮಳೆ ಮೂರು ದಿನದ ಬಿಸಿಲನ್ನು ನುಂಗಿಬಿಡುತ್ತದೆ.

ಆಷಾಢದಲ್ಲಿ ಬಿಸಿಲೆಲ್ಲಿ ಎನ್ನುತ್ತೀರಾ? ಮಲೆನಾಡಿನವರಿಗೆ ಒಲೆಯ ಮೇಲಿನ ಅಟ್ಟವಿದೆ. ಪಟ್ಟಣದವರು ಫ್ಯಾನಿನ ಕೆಳಗೆ ಹರಡಿ, ತಾಳ್ಮೆಯಿಂದ ಕಾಯಿರಿ. ಬಾಣಲೆಯಲ್ಲಿ ಹುರಿಯುವ ಅಡ್ಡದಾರಿ ಬೇಡ, ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಬೂಷ್ಟು ಕಂಡ ಬೀಜವನ್ನು ತೊಳೆದು ಮತ್ತೆ ಒಣಗಿಸುವ ಉಳಿತಾಯವಂತೂ ಬೇಡವೇ ಬೇಡ, ಕೆಲವು ಬೂಷ್ಟಿನ ವಿಷ ಬಿಸಿಲಿಗೆ ಹೋಗುವುದಿಲ್ಲ.

ಪುಡಿ ಮಾಡಿ, ಬಟ್ಟೆಯಲ್ಲಿ ಜರಡಿ ಹಿಡಿಯಿರಿ.

ಇಷ್ಟೆಲ್ಲ ಯಾಕೆ, ಗ್ರಂಥಿಗೆ ಅಂಗಡಿಯಲ್ಲಿ ಸಿಗುವುದಿಲ್ಲವೇ ಎನ್ನುವವರಿದ್ದಾರೆ. ಸಿಗುತ್ತದೆ. ಇಡೀ ಬೀಜ ಸಿಕ್ಕರೆ ಕೊಳ್ಳಿ, ಬಿಡಿ ಪುಡಿ ಮಾತ್ರ ನಾನು ಕೊಳ್ಳುವುದಿಲ್ಲ. ಒಳಗೇನಿದೆಯೆಂದು ಯಾರು ಬಲ್ಲರು. ಬಾಟಲಿಯ ನೇರಳೆ ರಸ ಕೊಳ್ಳುವ ಮೊದಲು ಹಿಂಬದಿಯ ಚೀಟಿ ಓದಿ, ಸಕ್ಕರೆಯ ಹೆಸರು ಕಂಡರೆ ಅಲ್ಲೇ ಇಟ್ಟು ಬನ್ನಿ. ಎಲೆಯ ಚಹಾ ಮಾಡುವವರೂ ಉಂಟು. ಬ್ರೆಜಿಲ್‌ನಲ್ಲಿ ಅದನ್ನು ಮಧುಮೇಹಿಗಳಿಗೆ ಕುಡಿಸಿ ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ.

ಆಯುರ್ವೇದದಲ್ಲಿ ಹೇಳುವ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ನೀವು ಅರ್ಧ ಚಹಾ ಚಮಚದಿಂದ ಶುರು ಮಾಡಿ, ಊಟಕ್ಕೆ ಮೊದಲು, ನೀರು ಮಜ್ಜಿಗೆಯಲ್ಲಿ ಕದಡಿ. ಒಗರು ತಡೆಯಲಾರದೆ ಜೇನುತುಪ್ಪ ಬೆರೆಸುವವರನ್ನು ಕಂಡಿದ್ದೇನೆ. ಸಕ್ಕರೆ ಇಳಿಸಲು ಹೊರಟವರು ಸಕ್ಕರೆ ಬೆರೆಸಿ ಕುಡಿದ ಹಾಗೆ. ಒಗರಿನ ವಸ್ತುವಾದ್ದರಿಂದ ಕೆಲವರಿಗೆ ಮಲಬದ್ಧತೆಯಾಗುತ್ತದೆ, ಹಾಗಾದಲ್ಲಿ ಪ್ರಮಾಣ ಇಳಿಸಿ. ಗರ್ಭಿಣಿಯರು, ಬಾಣಂತಿಯರು, ಮಕ್ಕಳಿಗೆ ಬೇಡ. ಶಸ್ತ್ರಚಿಕಿತ್ಸೆ ಇದ್ದರೆ ವೈದ್ಯರನ್ನು ಕೇಳಿ ಮೊದಲೇ ನಿಲ್ಲಿಸಿ.

ಗ್ಲಿಮೆಪಿರೈಡ್‌ನಂತಹ ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೆಚ್ಚು ಎಚ್ಚರವಾಗಿರಬೇಕು. ಮೊದಲ ಕೆಲವು ವಾರ ಖಾಲಿ ಹೊಟ್ಟೆಯಲ್ಲಿ, ಊಟವಾದ ಎರಡು ಗಂಟೆಗೆ ಗ್ಲುಕೋಮೀಟರ್ ಹಿಡಿದು ಅಂಕಿಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಬೆವರು, ಕೈನಡುಕ, ಎದೆಬಡಿತ ಶುರುವಾಗಿ ಅಂಕಿ 70ಕ್ಕಿಂತ ಕೆಳಗಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಿರಿ, ಕಾಲು ಗಂಟೆಯ ನಂತರ ಮತ್ತೆ ನೋಡಿ, ಆಮೇಲೆ ವೈದ್ಯರಿಗೆ ಫೋನ್ ಮಾಡಿ. ಅಂಕಿ ಚೆನ್ನಾಗಿ ಬಂತೆಂದು ಮಾತ್ರೆ ನಿಲ್ಲಿಸುವ ತೀರ್ಮಾನ ನಿಮ್ಮದಲ್ಲ.

ಪುಡಿಯನ್ನು ಗಾಜಿನ ಡಬ್ಬಿಯಲ್ಲಿಟ್ಟು ಮೇಲೆ ತಿಂಗಳು ಬರೆಯಿರಿ, ಒದ್ದೆ ಚಮಚ ಹಾಕಬೇಡಿ. ಮುಂದಿನ ಜೂನ್‌ಗೆ ಉಳಿದದ್ದನ್ನು ಗಿಡದ ಬುಡಕ್ಕೆ ಸುರಿಯಿರಿ, ಹೊಸ ಹಣ್ಣು ಬಂದಿರುತ್ತದೆ.