ತಾಯಿ ಕೆಲಸಕ್ಕೆ ಹೊರಟಾಗ ಹಾಲುಪುಡಿ ಡಬ್ಬಿ ಕಡಿಮೆ ಮಾಡುವುದು ಹೇಗೆ?

ಹಾಲುಪುಡಿಯಲ್ಲೇ ಬೆಳೆಯುವ ಮಗುವಿಗೆ ಮೊದಲ ಆರು ತಿಂಗಳಲ್ಲಿ ಸುಮಾರು 18 ಕೆ.ಜಿ. ಪುಡಿ ಬೇಕು, 400 ಗ್ರಾಂ ಡಬ್ಬಿಗಳಾದರೆ 45. ಕಣ್ಣಿಗೆ ಬೀಳುವುದು ಖಾಲಿ ಡಬ್ಬಿಯ ಕಸವಷ್ಟೇ. ಪರಿಸರಕ್ಕೆ ದೊಡ್ಡ ಹೊರೆ ಇರುವುದು ಕೊಟ್ಟಿಗೆ ಮತ್ತು ಕಾರ್ಖಾನೆಯಲ್ಲಿ: ಮೇವಿಗೆ ನೀರು, ಹಸು ಮೆಲುಕು ಹಾಕುವಾಗ ಹೊರಬರುವ, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ, ಹಾಲನ್ನು ಒಣಗಿಸಲು ಸುಡುವ ಇಂಧನ. ಮಳೆನೀರೂ ಸೇರಿದಂತೆ ಒಂದು ಕೆ.ಜಿ. ಹಾಲುಪುಡಿಗೆ ಸುಮಾರು 4,700 ಲೀಟರ್ ನೀರು ತಗಲುತ್ತದೆ ಎಂಬುದು ಜಾಗತಿಕ ಅಂದಾಜು. ಹಾಲೂಡಿಸುವ ತಾಯಿಗೂ ದಿನಕ್ಕೆ 500–600 ಕಿಲೊ ಕ್ಯಾಲರಿ ಹೆಚ್ಚು ಬೇಕು, ನಿಜ. ಆದರೆ ಅದು ಎರಡು ಮುದ್ದೆ, ಸಾರಿನಲ್ಲಿ ಮುಗಿಯುವ ಲೆಕ್ಕ.

ಕೆಲಸಕ್ಕೆ ಹೋಗುವ ಎರಡು ವಾರ ಮೊದಲೇ ಹಾಲು ಹಿಂಡಿ ತೆಗೆಯುವುದನ್ನು ರೂಢಿಸಿಕೊಳ್ಳಿ. ಪಂಪು ಬೇಕೇಬೇಕೆಂದಿಲ್ಲ, ಕೈ ಸಾಕು. ಅಗಲ ಬಾಯಿಯ, ಮುಚ್ಚಳವಿರುವ ಸ್ಟೀಲ್ ಬಟ್ಟಲನ್ನು 10 ನಿಮಿಷ ನೀರಿನಲ್ಲಿ ಕುದಿಸಿ. ಸೋಪು ಹಚ್ಚಿ ಕೈ ತೊಳೆದು, ಎದೆಯ ಮೇಲೆ ಬಿಸಿ ಬಟ್ಟೆ ಇಟ್ಟುಕೊಳ್ಳಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಎರಡು–ಮೂರು ಸೆಂ.ಮೀ. ಹಿಂದೆ ಇರಲಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಅದುಮಿ, ಬಿಡಿ. ಹೆಚ್ಚಿನವರು ಎಡವುವುದು ಇಲ್ಲೇ: ತೊಟ್ಟನ್ನೇ ಎಳೆದರೆ ನೋವಾಗುತ್ತದೆ, ಹಾಲು ಬರುವುದಿಲ್ಲ, ಚರ್ಮದ ಮೇಲೆ ಬೆರಳು ಜಾರಿಸಿದರೆ ಉರಿಯುತ್ತದೆ. ಮೊದಲ ಒಂದೆರಡು ನಿಮಿಷ ಹನಿಯೂ ಬಾರದಿದ್ದರೆ ಗಾಬರಿ ಬೇಡ. ನಾಲ್ಕೈದು ನಿಮಿಷಕ್ಕೊಮ್ಮೆ ಬದಿ ಬದಲಿಸುತ್ತ 20–30 ನಿಮಿಷ ಮುಂದುವರಿಸಿ.

ಹಿಂಡಿದ ಹಾಲನ್ನು 60 ಮಿ.ಲೀ.ನಂತೆ ಬೇರೆಬೇರೆಯಾಗಿ ಇಟ್ಟರೆ ಚೆಲ್ಲುವುದು ತಪ್ಪುತ್ತದೆ. 25 ಡಿಗ್ರಿ ಮೀರದ ಕೋಣೆಯಲ್ಲಿ ನಾಲ್ಕು ಗಂಟೆ ಇಡಬಹುದು. ರಾಯಚೂರು, ಕಲಬುರಗಿಯ ಬೇಸಿಗೆಗೆ ಈ ಲೆಕ್ಕ ಒಗ್ಗದು. ಹಿಂಡಿದ ಕೂಡಲೇ ಫ್ರಿಜ್ಜಿನ ಒಳಭಾಗದಲ್ಲಿಡಿ, ಬಾಗಿಲಲ್ಲಿ ಬೇಡ. ಕರೆಂಟ್ ಹೋಗಿಬರುವ ಊರಾದರೆ 24 ಗಂಟೆಯೊಳಗೆ ಮುಗಿಸಿ. ಮೇಲೆ ಕೆನೆ ನಿಂತರೆ ಹಾಲು ಕೆಟ್ಟಿಲ್ಲ, ಬಟ್ಟಲನ್ನು ಮೆಲ್ಲಗೆ ಆಡಿಸಿ. ಒಲೆಯ ಮೇಲೆ ಕಾಯಿಸಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗಾಗಿಸಿ.

ಕುಡಿಸಲು ಅಜ್ಜಿಯರ ಕಾಲದ ಒಳಲೆಯೇ (ಮೂತಿಯಿರುವ ಪುಟ್ಟ ಬಟ್ಟಲು) ಒಳ್ಳೆಯದು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಾಟಲಿಗೆ ಬಿಸಿ ತಾಗಿದಷ್ಟೂ ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತದೆ. ಸ್ಟೀಲ್ ಒಳಲೆಗೆ ಆ ತೊಂದರೆಯಿಲ್ಲ, ಮೂಲೆ ಮುಡುಕು ಕಡಿಮೆಯಾದ್ದರಿಂದ ತೊಳೆಯುವುದೂ ಸುಲಭ. ಮಗುವನ್ನು ತೊಡೆಯ ಮೇಲೆ ತಲೆ ಎತ್ತರಕ್ಕಿರುವಂತೆ ಕೂರಿಸಿಕೊಳ್ಳಿ. ಹಾಲು ಗಂಟಲಿಗೆ ಸುರಿಯಬಾರದು, ತುಟಿಗೆ ತಾಗಿಸಿದರೆ ಮಗುವೇ ಹೀರಿಕೊಳ್ಳುತ್ತದೆ.

1961ರ ಹೆರಿಗೆ ಸೌಲಭ್ಯ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮ ಕೊಟ್ಟಿದೆ. ರಜೆಗೆ ಹೋಗುವ ಮೊದಲೇ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿಡಿ.

ಎಷ್ಟೋ ತಾಯಂದಿರಿಗೆ ಪುಡಿ ಬೇಕೇ ಆಗುತ್ತದೆ, ಅದು ತಪ್ಪಲ್ಲ. ಗ್ಯಾಸ್ ಉಳಿಸಲೆಂದು ನೀರು ಕುದಿಸುವುದನ್ನು ಮಾತ್ರ ಬಿಡಬೇಡಿ. ಪುಡಿಯಲ್ಲೂ ರೋಗಾಣು ಇರಬಹುದಾದ್ದರಿಂದ 70 ಡಿಗ್ರಿಗಿಂತ ಬಿಸಿಯಿರುವ ನೀರಿನಲ್ಲೇ ಕಲಸಿ, ಆರಿಸಿ ಕುಡಿಸಿ. ಡಬ್ಬಿ ಹೆಚ್ಚು ದಿನ ಬರಲೆಂದು ತೆಳ್ಳಗೆ ಮಾಡಿದರೆ ಮಗು ಸೊರಗುತ್ತದೆ. ಒಂದು ಡಬ್ಬಿಯ ಅಳತೆ ಚಮಚ ಇನ್ನೊಂದಕ್ಕೆ ಸಲ್ಲದು. ಕಲಸಿದ್ದನ್ನು ಎರಡು ಗಂಟೆಯ ನಂತರ ಚೆಲ್ಲಲೇಬೇಕು. ಹಾಗಾಗಿ ಒಂದೇ ಸಲ ಹೆಚ್ಚು ಮಾಡದೆ, ಮಗು ಕುಡಿಯುವಷ್ಟನ್ನೇ ಕಲಸಿ.