ಮನೆಯ ಮಿಲ್ಲಿಂಗ್ ಮಷೀನ್‌ಗೆ ಸರ್ವೊ: ವ್ಯಾಟ್ ಕೇಳುವ ಮೊದಲು ಮಾಡಬೇಕಾದ ಲೆಕ್ಕ

ಕೈಯಲ್ಲಿ ಓಡಿಸುವ ಮಿಲ್ಲಿಂಗ್ ಮಷೀನನ್ನು ಸಿಎನ್‌ಸಿ (ಕಂಪ್ಯೂಟರ್ ಓಡಿಸುವ ಮಷೀನ್) ಮಾಡಲು ಹೊರಟವರು ಮೊದಲು ಕೇಳುವುದು ‘ಎಷ್ಟು ವ್ಯಾಟ್ ಮೋಟರ್ ಹಾಕಲಿ?’ ಎಂದು. ಆ ಪ್ರಶ್ನೆ ಕೊನೆಗಿರಲಿ. ಮೊದಲು ಸ್ಕ್ರೂ, ಆಮೇಲೆ ವೇಗ, ಆಮೇಲೆ ಬಲ. ಈ ಮೂರು ಗೊತ್ತಾದರೆ ವ್ಯಾಟ್ ತಾನಾಗಿ ಸಿಗುತ್ತದೆ. ಲೆಕ್ಕಕ್ಕೆ ಆರ್‌ಎಫ್-45 ಮಾದರಿಯ ಬೆಂಚ್ ಮಿಲ್ ತೆಗೆದುಕೊಳ್ಳೋಣ.

ಸ್ಕ್ರೂ

ಮಷೀನ್ ಜೊತೆ ಬಂದ ಸ್ಕ್ರೂನಲ್ಲಿ ಪ್ಲೇ (ಸಡಿಲ) ಇದ್ದೇ ಇರುತ್ತದೆ. ಸರ್ವೊ (ತಾನೆಷ್ಟು ತಿರುಗಿದೆ ಎಂದು ಅಳೆದು ತಿದ್ದಿಕೊಳ್ಳುವ ಮೋಟರ್) ಹಾಕಿದರೆ ಅದು ಸರಿಹೋಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಖಂಡಿತ ಸರಿಹೋಗುವುದಿಲ್ಲ. ತಿರುಗಿದ್ದನ್ನು ಅಳೆಯುವ ಎನ್‌ಕೋಡರ್ ಇರುವುದು ಮೋಟರ್‌ನ ಹಿಂಬದಿಯಲ್ಲಿ. ಶಾಫ್ಟ್ ಎಷ್ಟು ತಿರುಗಿತು ಎನ್ನುವುದಷ್ಟೇ ಮೋಟರ್ ಓಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ, ಅಂದರೆ ಡ್ರೈವ್‌ಗೆ ಗೊತ್ತು. ಟೇಬಲ್ ನಿಜಕ್ಕೂ ಎಷ್ಟು ಸರಿಯಿತು ಎನ್ನುವುದು ಅದಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಬಜೆಟ್ ಕಡಿಮೆ ಇದ್ದರೆ ನನ್ನ ಸಲಹೆ ಇಷ್ಟು: ಒಳ್ಳೆಯ ಬಾಲ್‌ಸ್ಕ್ರೂಗೂ (ನಟ್‌ನೊಳಗಿನ ಗುಂಡುಗಳ ಮೇಲೆ ಉರುಳುವ ಸ್ಕ್ರೂ) ಅದರ ಎಂಡ್ ಬೇರಿಂಗ್‌ಗೂ ದುಡ್ಡು ಹಾಕಿ, ಸದ್ಯಕ್ಕೆ ಸ್ಟೆಪರ್‌ನಲ್ಲೇ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಓಡಿಸಿ. ಸರ್ವೊ ಆಮೇಲೆ ಹಾಕಿದರಾಯಿತು.

ನಮ್ಮ ಉದಾಹರಣೆಗೆ 20 ಮಿ.ಮೀ. ದಪ್ಪ, 5 ಮಿ.ಮೀ. ಲೀಡ್‌ನ ಬಾಲ್‌ಸ್ಕ್ರೂ ಇರಲಿ. ಲೀಡ್ ಎಂದರೆ ಸ್ಕ್ರೂ ಒಂದು ಸುತ್ತು ತಿರುಗಿದಾಗ ಟೇಬಲ್ ಸರಿಯುವ ದೂರ.

ವೇಗ

ಇಂಥ ಮಷೀನ್‌ಗೆ ನಿಮಿಷಕ್ಕೆ 5 ಮೀಟರ್ ಓಟ ಧಾರಾಳವಾಯಿತು. 5 ಮಿ.ಮೀ. ಲೀಡ್‌ಗೆ ಅದು 1000 ಆರ್‌ಪಿಎಂ. ಸ್ಟೆಪರ್ ಸೋಲುವುದು ಇಲ್ಲೇ. ವೇಗ ಏರಿದಂತೆ ಅದರ ಟಾರ್ಕ್ (ತಿರುಗಿಸುವ ಬಲ) ಇಳಿಯುತ್ತಾ ಹೋಗುತ್ತದೆ. ಸಾಮಾನ್ಯ ಎಸಿ ಸರ್ವೊ 3000 ಆರ್‌ಪಿಎಂವರೆಗೂ ತನ್ನ ರೇಟೆಡ್ ಟಾರ್ಕ್ ಕೊಡುತ್ತದೆ. ನೇರ ಜೋಡಿಸಿದರೆ ಮೂರನೇ ಎರಡು ಪಾಲು ವೇಗ ಸುಮ್ನೆ ಉಳಿದುಬಿಡುತ್ತದೆ. 1:2 ಬೆಲ್ಟ್ ಹಾಕಿದರೆ ಆ ವೇಗವೇ ಟಾರ್ಕ್ ಆಗಿ ಬರುತ್ತದೆ. ಆದರೆ ಬೆಲ್ಟ್, ಪುಲ್ಲಿ ಎಂದರೆ ಇನ್ನಷ್ಟು ಕೆಲಸ. ಜಾಗ ಇದ್ದರೆ ನೇರ ಕಪ್ಲಿಂಗ್ ವಾಸಿ.

ಬಲ

ಚಿಕ್ಕ ಕಟರ್‌ನ ಕೆಲಸಕ್ಕೆ ಕಟಿಂಗ್ ಬಲ 1000 ನ್ಯೂಟನ್, ಟೇಬಲ್ ಜಾರುವ ಡವ್‌ಟೇಲ್ ಹಳಿಯ ಘರ್ಷಣೆಗೆ 200 ಎಂದು ಹಿಡಿಯಿರಿ. ಒಟ್ಟು 1200. ಇದನ್ನು ಮೀಟರ್‌ನಲ್ಲಿರುವ ಲೀಡ್‌ನಿಂದ, ಅಂದರೆ 0.005ರಿಂದ ಗುಣಿಸಿ. ಬಂದದ್ದನ್ನು 6.28ರಿಂದ ಭಾಗಿಸಿ. ಬಾಲ್‌ಸ್ಕ್ರೂನಲ್ಲಿ ನಷ್ಟವಾಗುವುದಕ್ಕೆ ಇನ್ನೊಮ್ಮೆ 0.9ರಿಂದ ಭಾಗಿಸಿ. ಸುಮಾರು 1.06 ನ್ಯೂಟನ್ ಮೀಟರ್ ಬರುತ್ತದೆ.

3000 ಆರ್‌ಪಿಎಂನ 400 ವ್ಯಾಟ್ ಸರ್ವೊ 1.27 ನ್ಯೂಟನ್ ಮೀಟರ್ ಕೊಡುತ್ತದೆ. ಸ್ವಲ್ಪ ಹೊತ್ತಿಗೆ ಅದರ ಮೂರು ಪಟ್ಟಿನ ಆಸುಪಾಸು ಹೋಗಬಲ್ಲದು. ಹಾಗಾಗಿ ಟೇಬಲ್ ಓಡುವ ಎಕ್ಸ್, ವೈ ದಿಕ್ಕು ಎರಡಕ್ಕೂ 400 ವ್ಯಾಟ್ ಸಾಕು. ‘ಇರಲಿ, ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ?’ ಎಂದು ದೊಡ್ಡದು ಕೊಳ್ಳಬೇಡಿ. ಎಲ್ಲೋ ಸಿಕ್ಕಿಕೊಂಡಾಗ ಸ್ಕ್ರೂ ಬೆಂಡಾಗುವಷ್ಟು ಶಕ್ತಿ ಅದಕ್ಕಿರುತ್ತದೆ. ಯಾವ ಗಾತ್ರ ಹಾಕಿದರೂ ಡ್ರೈವ್‌ನಲ್ಲಿ ಟಾರ್ಕ್ ಲಿಮಿಟ್ ಇಡಿ.

ಹೆಡ್ ಮೇಲೆ ಕೆಳಗೆ ಓಡುವ ಝಡ್‌ನ ಕಥೆಯೇ ಬೇರೆ. ಹೆಡ್ 60 ಕೆ.ಜಿ. ಇದ್ದರೆ ಸುಮಾರು 600 ನ್ಯೂಟನ್ ತೂಕ ಸದಾ ಕೆಳಗೆ ಎಳೆಯುತ್ತಿರುತ್ತದೆ. ಮೊದಲಿನ 1200 ಸೇರಿ ಒಟ್ಟು 1800 ನ್ಯೂಟನ್, ಅಂದರೆ 1.6 ನ್ಯೂಟನ್ ಮೀಟರ್. ಇಲ್ಲಿಗೆ 2.39 ನ್ಯೂಟನ್ ಮೀಟರ್‌ನ 750 ವ್ಯಾಟ್ ಮೋಟರ್ ಬೇಕು. ಬ್ರೇಕ್ ಇರುವುದನ್ನೇ ಕೊಳ್ಳಿ, ಇದರಲ್ಲಿ ಉಳಿತಾಯ ಬೇಡವೇ ಬೇಡ. ಹಳೆಯ ಸ್ಕ್ರೂ ತಾನಾಗಿ ತಿರುಗುತ್ತಿರಲಿಲ್ಲ, ಬಾಲ್‌ಸ್ಕ್ರೂ ತಿರುಗುತ್ತದೆ. ಕರೆಂಟ್ ಹೋದ ಕ್ಷಣ ಹೆಡ್ ಕೆಳಗೆ ಬರುತ್ತದೆ. ನಿಮ್ಮ ಕೈ ಆಗ ವೈಸ್ ಮೇಲಿರಬಹುದು.

ಡ್ರೈವ್

ಮೋಟರ್, ಡ್ರೈವ್, ಕೇಬಲ್ ಮೂರನ್ನೂ ಒಂದೇ ಸೆಟ್‌ನಲ್ಲಿ ಕೊಳ್ಳಿ. ಪೀಣ್ಯದ ಕಡೆ ಹಳೆಯ ಮಷೀನ್‌ನಿಂದ ಕಳಚಿದ ಒಳ್ಳೆಯ ಮೋಟರ್ ಅಗ್ಗಕ್ಕೆ ಸಿಗಬಹುದು. ಆದರೆ ಈಗಿನ ಸೀರಿಯಲ್ ಎನ್‌ಕೋಡರ್‌ಗಳ ಭಾಷೆ ಕಂಪನಿಗೊಂದು. ಯಾಸ್ಕಾವಾ ಮೋಟರ್ ತಂದು ಪ್ಯಾನಸೋನಿಕ್ ಡ್ರೈವ್‌ಗೆ ಕೊಟ್ಟರೆ ನಡೆಯುವುದಿಲ್ಲ. 400, 750 ವ್ಯಾಟ್‌ನ 230 ವೋಲ್ಟ್ ಡ್ರೈವ್‌ಗಳು ಮನೆಯ ಸಿಂಗಲ್ ಫೇಸ್‌ನಲ್ಲೇ ಓಡುತ್ತವೆ, ಕೊಳ್ಳುವಾಗ ಲೇಬಲ್ ನೋಡಿಕೊಳ್ಳಿ. ಅರ್ಥಿಂಗ್ ಗಟ್ಟಿಯಾಗಿರಬೇಕು.

ಇನ್ನು ಪಲ್ಸ್, ಅಂದರೆ ಇಷ್ಟು ತಿರುಗು ಎಂದು ಕಂಟ್ರೋಲರ್ ಡ್ರೈವ್‌ಗೆ ಕಳಿಸುವ ಸಂಕೇತ. 17 ಬಿಟ್ ಎನ್‌ಕೋಡರ್ ಒಂದು ಸುತ್ತಿಗೆ 1,31,072 ಎಣಿಕೆ ಕೊಡುತ್ತದೆ. ಅಷ್ಟನ್ನೂ ಕಂಟ್ರೋಲರ್ ಕಳಿಸಬೇಕಿಲ್ಲ, ಡ್ರೈವ್‌ನ ಎಲೆಕ್ಟ್ರಾನಿಕ್ ಗೇರ್ ಅದನ್ನು ನೋಡಿಕೊಳ್ಳುತ್ತದೆ. ಒಂದು ಪಲ್ಸ್‌ಗೆ ಒಂದು ಮೈಕ್ರಾನ್ ಬೇಕೆಂದರೆ ಸುತ್ತಿಗೆ 5000 ಪಲ್ಸ್. 1000 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 83 ಸಾವಿರ ದಾಟುತ್ತದೆ. ಹಳೆಯ ಕಂಪ್ಯೂಟರ್‌ನ ಪ್ಯಾರಲಲ್ ಪೋರ್ಟ್‌ನಲ್ಲಿ ಮ್ಯಾಕ್3 ಸಾಫ್ಟ್‌ವೇರ್ ಓಡಿಸುವವರಿಗೆ ಇದು ಕಷ್ಟ, ಅದು ಶುರುವಾಗುವುದೇ 25 ಕಿಲೋಹರ್ಟ್ಸ್‌ನಿಂದ, ಅಂದರೆ ಸೆಕೆಂಡಿಗೆ 25 ಸಾವಿರ ಪಲ್ಸ್‌ನಿಂದ. ಪಲ್ಸ್ ತಾನೇ ಹುಟ್ಟಿಸುವ ಪ್ರತ್ಯೇಕ ಕಾರ್ಡ್ ಹಾಕಿ, ಇಲ್ಲವೇ ಸುತ್ತಿಗೆ 2500 ಪಲ್ಸ್ ಇಟ್ಟು ಎರಡು ಮೈಕ್ರಾನ್‌ಗೆ ಒಪ್ಪಿಕೊಂಡು ಓಟದ ವೇಗವನ್ನೂ ಇಳಿಸಿ.

ಜೋಡಿಸುವ ಮುನ್ನ

ಮೋಟರನ್ನು ಮೊದಲು ಬೆಂಚ್‌ಗೆ ಬಿಗಿದು, ಶಾಫ್ಟ್ ಖಾಲಿ ಬಿಟ್ಟು ತಿರುಗಿಸಿ. ದಿಕ್ಕು, ಪಲ್ಸ್ ಲೆಕ್ಕ, ಎಮರ್ಜೆನ್ಸಿ ಸ್ಟಾಪ್ ಎಲ್ಲ ಸರಿಯಿದ್ದರೆ ಮಷೀನ್‌ಗೆ ಏರಿಸಿ. ಝಡ್‌ನ ಬ್ರೇಕ್‌ನಲ್ಲಿ ಒಂದು ವಿಷಯ ಗಮನಿಸಿ. ಆನ್ ಮಾಡಿದಾಗ ಮೋಟರ್ ಮೊದಲು ಹಿಡಿಯಬೇಕು, ಆಮೇಲೆ ಬ್ರೇಕ್ ಬಿಡಬೇಕು. ಆಫ್ ಮಾಡುವಾಗ ಮೊದಲು ಬ್ರೇಕ್ ಹಿಡಿಯಬೇಕು, ಆಮೇಲೆ ಮೋಟರ್ ಬಿಡಬೇಕು. ಈ ನಡುವಿನ ಹೊತ್ತನ್ನು ಡ್ರೈವ್‌ನ ಪ್ಯಾರಾಮೀಟರ್‌ನಲ್ಲಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಇಡಬಹುದು. ಹೆಡ್ ಕೆಳಗೆ ಗಟ್ಟಿ ಮರದ ತುಂಡೊಂದನ್ನು ಇಟ್ಟೇ ಇದನ್ನು ಪರೀಕ್ಷಿಸಿ.