ಆಸ್ಪತ್ರೆ ಖರ್ಚಿನ ಏರಿಕೆಗೆ ಗುರಿ ಇಡುವುದು ಹೇಗೆ?

ಹಾಸನದ ನನ್ನ ಮೆಡಿಕಲ್ ಶಾಪಿಗೆ, ಹತ್ತು ಮಾತ್ರೆ ಬರೆದಿದ್ದರೂ ‘ಐದು ಸಾಕು’ ಅನ್ನುವವರು ದಿನಾ ಬರುತ್ತಾರೆ. ‘ಆಸ್ಪತ್ರೆ ಖರ್ಚು ವರ್ಷಕ್ಕೆ ಇಷ್ಟಕ್ಕಿಂತ ಜಾಸ್ತಿ ಏರಬಾರದು’ ಅಂತ ರಾಜ್ಯಗಳು ಗುರಿ ಇಡುವಾಗ ಇವರನ್ನು ಮೊದಲು ನೆನೆಯಬೇಕು.

ಅಮೆರಿಕದ ಮ್ಯಾಸಚೂಸೆಟ್ಸ್ 2012ರ ಕಾನೂನಿನಲ್ಲಿ ಗುರಿಯನ್ನು ರಾಜ್ಯದ ಆರ್ಥಿಕ ಬೆಳವಣಿಗೆಗೆ ಕಟ್ಟಿತು. 2013ಕ್ಕೆ ಶೇ 3.6. ಆದರೆ ರಾಜ್ಯ ಬೆಳೆದರೆ ಕೂಲಿಯೂ ಬೆಳೆಯುತ್ತೆ ಅಂತೇನಿಲ್ಲ, ಅಲ್ವಾ? ಕ್ಯಾಲಿಫೋರ್ನಿಯಾದಂತೆ ಕುಟುಂಬದ ಆದಾಯದ ಏರಿಕೆಯನ್ನೇ ಅಳತೆಗೋಲು ಮಾಡಿ. ಅಲ್ಲಿ 2029ಕ್ಕೆ ಗುರಿ ಶೇ 3.

ಜನ ಕೈಯಿಂದ ಕೊಡುವ ದುಡ್ಡನ್ನು ಲೆಕ್ಕದಲ್ಲಿ ಬೇರೆಯೇ ಬರೆಸಿ. ಗುರಿ ಮೀರಿದ ಆಸ್ಪತ್ರೆಗಳಿಂದ ಖರ್ಚು ಇಳಿಸುವ ಯೋಜನೆ ಕೇಳಿ, ಕೊಡದಿದ್ದರೆ ದಂಡ ಹಾಕಿ.

ಆದರೆ ಎಲ್ಲರಿಗೂ ಒಂದೇ ಶೇಕಡಾ ಬೇಡ. ಶೇ 3 ಏರಿಕೆ ಅಂದರೆ 1,000 ರೂಪಾಯಿಯ ಬೆಡ್‌ಗೆ 30, 10,000ದ ಬೆಡ್‌ಗೆ 300. ದುಬಾರಿ ಆಸ್ಪತ್ರೆಗೇ ಜಾಸ್ತಿ ಲಾಭ. ಕಡಿಮೆ ದರದ ಚಿಕ್ಕ ಆಸ್ಪತ್ರೆಗೆ ಸ್ವಲ್ಪ ಸಡಿಲ ಕೊಡಿ, ದೊಡ್ಡದಕ್ಕೆ ಬಿಗಿ ಮಾಡಿ.